ಕಗ್ಗಕ್ಕೂ ಪವಾಡ ಸಮಿತಿಗೂ ನಡುವಿನ ಬಸವನಗುಡಿ

ಬಸವನಗುಡಿಯ ಮಟ್ಟಿಗೆ 2025 ಲೆಕ್ಕ ನೋಡಿಕೊಳ್ಳುವ ವರ್ಷವಾಗಿತ್ತು. ಡಿ.ವಿ. ಗುಂಡಪ್ಪನವರು ತೀರಿಕೊಂಡು ಅಕ್ಟೋಬರ್ 7ಕ್ಕೆ ಐವತ್ತು ವರ್ಷ ತುಂಬಿತು. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೂ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೂ ಎಂಬತ್ತಾಯಿತು. ಎಚ್. ನರಸಿಂಹಯ್ಯನವರು ನಮ್ಮನ್ನಗಲಿ ಇಪ್ಪತ್ತು ವರ್ಷ. ಸ್ಮರಣೆ, ಮಾಲಾರ್ಪಣೆ, ಉಪನ್ಯಾಸಗಳಿಗೆ ಕೊರತೆಯಾಗಲಿಲ್ಲ. ಆದರೆ ಇಷ್ಟು ವರ್ಷ ಈ ಸಭಾಂಗಣಗಳಲ್ಲಿ ಕೂತು ತತ್ತ್ವ ಕೇಳಿದ್ದರಿಂದ ನಮ್ಮ ನಂಬಿಕೆಯಲ್ಲಿ, ನಡತೆಯಲ್ಲಿ ಏನು ಬದಲಾಯಿತು ಎಂದು ಕೇಳಿಕೊಂಡವರು ಕಡಿಮೆ. ವರ್ಷ ಮುಗಿಯುವ ಹೊತ್ತಿಗೆ ಆ ಕೆಲಸವನ್ನು ನಾವಾದರೂ ಮಾಡಬೇಕು.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊಡೆತದ ಬಳಿಕ ಬೆಳೆದವು. ಮೇಷ್ಟ್ರು, ಗುಮಾಸ್ತರು, ವಕೀಲರು, ಪಿಂಚಣಿದಾರರು ಇಲ್ಲಿಗೆ ಬಂದು ನೆಲೆಸಿದರು. ಒಂದೆರಡು ಮೈಲಿಯ ಸುತ್ತಳತೆಯಲ್ಲಿ ಅದ್ವೈತದ ಮಠವೂ ದ್ವೈತದ ಮಠವೂ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠವೂ ಇದ್ದವು. ಆನಿ ಬೆಸೆಂಟ್ ಅವರ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ನ್ಯಾಷನಲ್ ಹೈಸ್ಕೂಲೂ ಇತ್ತು. ವಾಡಿಯಾ ಅವರದು ಇನ್ನೊಂದು ವಿಚಿತ್ರ: 1918ರಲ್ಲಿ ಮದ್ರಾಸಿನಲ್ಲಿ ಕಾರ್ಮಿಕ ಸಂಘ ಕಟ್ಟಿದ ಪಾರ್ಸಿ ಮನುಷ್ಯ ಕೊನೆಗೆ ಬಸವನಗುಡಿಯಲ್ಲಿ ಥಿಯಾಸಫಿಯ ನೆರಳಲ್ಲಿ ಗ್ರಂಥಾಲಯ ತೆರೆದು ಕೂತರು. ಇಷ್ಟು ಬಗೆಯ ದರ್ಶನಗಳು ಒಂದೇ ತರಕಾರಿ ಮಾರುಕಟ್ಟೆಗೆ ಹೋಗಿ ಬರುತ್ತಿದ್ದ ಊರು ಇದು.

ಈ ಊರಿನ ಮನಸ್ಸನ್ನು ಹೆಚ್ಚು ತಿದ್ದಿದವರು ಇಬ್ಬರು. ಇಬ್ಬರೂ ಎದುರುಬದುರು ದಡದವರು.

ಡಿವಿಜಿ ಮುಳಬಾಗಿಲಿನಿಂದ ಬಂದವರು, ಮೆಟ್ರಿಕ್ಯುಲೇಷನ್ ಪಾಸಾಗದ ಪತ್ರಕರ್ತ. 1943ರಲ್ಲಿ ಹೊರಬಂದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಇಂದು ಅದನ್ನು ಆಸ್ತಿಕರ ಕೈಪಿಡಿಯಂತೆ ಹಿಡಿದುಕೊಳ್ಳುವವರು ಅದರ ಮೊದಲ ಪುಟವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಅಲ್ಲಿರುವ ನಮಸ್ಕಾರ, ಜನ ನೂರು ಹೆಸರಿಟ್ಟು, ಕಣ್ಣಾರೆ ಕಾಣದೆಯೂ ಪ್ರೀತಿಯಿಂದ ನಂಬಿಕೊಂಡು ಬಂದ ಯಾವುದೋ ಒಂದು ವಿಸ್ಮಯಕ್ಕೆ. ಅದು ಉಂಟೋ ಇಲ್ಲವೋ ಎಂಬ ಸಂಶಯವನ್ನು ಕವಿ ಬಚ್ಚಿಡುವುದಿಲ್ಲ. ಮುಂದಿನ ಪದ್ಯಗಳಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ. ಚಿಕ್ಕ ವಯಸ್ಸಿಗೇ ಪತ್ನಿಯನ್ನು ಕಳೆದುಕೊಂಡು ಮರುಮದುವೆಯಾಗದೆ ಉಳಿದ ಮನುಷ್ಯನಿಗೆ ಆ ಪ್ರಶ್ನೆಗಳು ಪುಸ್ತಕದಿಂದ ಮಾತ್ರ ಬಂದವಾಗಿರಲಾರವು. ಉತ್ತರವಾಗಿ ಅವರು ಕೊಟ್ಟದ್ದು ಸಂನ್ಯಾಸವನ್ನಲ್ಲ. ಸಂಸಾರದಲ್ಲೇ ಇರು, ಕೆಲಸ ಮಾಡು, ಅಂಟಿಕೊಳ್ಳಬೇಡ ಎಂಬ ಗೃಹಸ್ಥನ ವೇದಾಂತವನ್ನು. ಭಗವದ್ಗೀತೆಯನ್ನು ಕುರಿತ ‘ಜೀವನಧರ್ಮಯೋಗ’ದಲ್ಲಿ ಇದನ್ನೇ ವಿಸ್ತರಿಸಿದರು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೋಖಲೆ ಸಂಸ್ಥೆಯಲ್ಲಿ ಗೀತೆಯ ಪಾಠವೂ ರಾಜ್ಯಶಾಸ್ತ್ರದ ಚರ್ಚೆಯೂ ಒಂದೇ ಸೂರಿನಡಿ ನಡೆದದ್ದು ಆಕಸ್ಮಿಕವಲ್ಲ. ಮುನಿಸಿಪಾಲಿಟಿಯ ಬಜೆಟ್ಟನ್ನು ಓದಲಾರದವನ ವೇದಾಂತದ ಮೇಲೆ ಅವರಿಗೆ ಹೆಚ್ಚು ಭರವಸೆ ಇದ್ದಂತಿಲ್ಲ.

ಎಚ್ಚೆನ್, ಅಂದರೆ ಎಚ್. ನರಸಿಂಹಯ್ಯ, ಇನ್ನೊಂದು ದಡ. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯ ಹುಡುಗ, ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಬಂದವರು. 1942ರ ಚಳವಳಿಯಲ್ಲಿ ಜೈಲು ಕಂಡರು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ನೇಮಿಸಿದರು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನ ಕೈಚಳಕವನ್ನು ಅದು ಬಯಲಿಗೆಳೆಯಿತು. ನಿಮ್ಮ ಪವಾಡಗಳನ್ನು ನಮ್ಮೆದುರು ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಊರೆಲ್ಲ ಗದ್ದಲವೆದ್ದಿತು. ಭಕ್ತರ ಮನೆಗಳಲ್ಲಿ ಎಚ್ಚೆನ್ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದ ಕಾಲ ಅದು. ಅದೇ ಮನೆಗಳವರು ಮಕ್ಕಳನ್ನು ಅವರ ಕಾಲೇಜಿಗೇ ಸೇರಿಸುತ್ತಿದ್ದರು ಎಂಬುದನ್ನೂ ಹೇಳಬೇಕು.

ಈಗ ಇಬ್ಬರ ಬದುಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬರು ಬ್ರಹ್ಮವಸ್ತುವಿಗೆ ಕೈಮುಗಿದವರು, ಇನ್ನೊಬ್ಬರು ಪುರಾವೆ ಕೇಳಿದವರು. 1970ರಲ್ಲಿ ರಾಜ್ಯ ಸನ್ಮಾನಿಸಿ ಕೊಟ್ಟ ದೊಡ್ಡ ಮೊತ್ತವನ್ನು ಡಿವಿಜಿ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಎಚ್ಚೆನ್ ಮದುವೆಯಾಗದೆ, ಸ್ವಂತ ಮನೆ ಮಾಡದೆ, ಖಾದಿ ತೊಟ್ಟು, ದಶಕಗಳ ಕಾಲ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದರು. ಜಗತ್ತಿನ ಮೂಲದ ಬಗ್ಗೆ ಇಬ್ಬರದು ಬೇರೆ ಬೇರೆ ಅಭಿಪ್ರಾಯ. ದುಡ್ಡಿನ ಬಗ್ಗೆ, ಸಾರ್ವಜನಿಕ ಕೆಲಸದ ಬಗ್ಗೆ ಹೆಚ್ಚುಕಡಿಮೆ ಒಂದೇ. ದೇವರಿದ್ದಾನೆ ಎಂಬವನು ಸಜ್ಜನ, ಇಲ್ಲ ಎಂಬವನು ಅಡ್ಡದಾರಿ ಹಿಡಿದವನು ಎಂಬ ಸುಲಭ ಸಮೀಕರಣಕ್ಕೆ ಈ ಬಡಾವಣೆಯ ಚರಿತ್ರೆಯಲ್ಲಿ ಆಧಾರವೇ ಇಲ್ಲ. ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂದೇ ಹೆಸರಿಟ್ಟ ಪುಸ್ತಕದಲ್ಲಿ ದೇವರಿಲ್ಲವೆಂದು ಸಾವಧಾನವಾಗಿ ವಾದಿಸಿದ ಎ.ಎನ್. ಮೂರ್ತಿರಾಯರಿಗಿಂತ ಸೌಮ್ಯ ಮನುಷ್ಯರು ಎಷ್ಟು ಮಂದಿ ಸಿಕ್ಕಾರು?

ಹಾಗಾದರೆ ತತ್ತ್ವಕ್ಕೂ ನಡತೆಗೂ ಸಂಬಂಧವೇ ಇಲ್ಲವೆ? ಅವರಿಬ್ಬರ ಸರಳತೆ ಗೋಖಲೆ, ಗಾಂಧಿ ಕಾಲದ ಗಾಳಿಯ ಗುಣ, ಅದಕ್ಕೆ ದರ್ಶನದ ಹಂಗಿಲ್ಲ ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದೇ ಗಾಳಿ ಕುಡಿದ ಅನೇಕರು ಆಮೇಲೆ ಸೈಟು ಮಾಡಿಕೊಂಡರು, ಪರ್ಮಿಟ್ಟು ಮಾಡಿಕೊಂಡರು. ನಮಗೆ ತೋರುವುದು ಇಷ್ಟು: ಯಾವ ಸಿದ್ಧಾಂತ ಒಪ್ಪಿದರು ಎನ್ನುವುದಕ್ಕಿಂತ, ಒಪ್ಪಿದ್ದನ್ನು ನಾಲ್ಕು ಜನರೆದುರು ವಾರವಾರವೂ ಒರೆಗೆ ಹಚ್ಚಿದರು ಎನ್ನುವುದು ಅವರನ್ನು ರೂಪಿಸಿತು. ಗೋಖಲೆ ಸಂಸ್ಥೆಯ ಅಧ್ಯಯನ ಗೋಷ್ಠಿಯಲ್ಲಾಗಲಿ ವಿಜ್ಞಾನ ವೇದಿಕೆಯಲ್ಲಾಗಲಿ ಹೇಳಿದ ಮಾತಿಗೆ ಮರುದಿನ ಗಾಂಧಿ ಬಜಾರಿನಲ್ಲಿ ಲೆಕ್ಕ ಕೊಡಬೇಕಾಗುತ್ತಿತ್ತು.

ಈ ಹಿರಿಮೆಗೆ ಒಂದು ಮಿತಿಯೂ ಇದೆ; ಅದನ್ನು ಮರೆಮಾಡಿದರೆ ಸಿಂಹಾವಲೋಕನ ಬರೀ ಹೊಗಳಿಕೆಯಾಗುತ್ತದೆ. ಆ ಸಭಾಂಗಣಗಳಲ್ಲಿ ಕೂತವರು ಬಹುಪಾಲು ಮೇಲ್ಜಾತಿಯ ಗಂಡಸರು. ಸಾವು, ವಿಧಿ, ಬ್ರಹ್ಮ, ಕರ್ಮಗಳ ಬಗ್ಗೆ ಎಷ್ಟು ಸೂಕ್ಷ್ಮವಾಗಿ ಚರ್ಚೆಯಾಯಿತೋ, ಹಿತ್ತಲ ಬಾಗಿಲಿನಿಂದ ಬಂದು ಹೋಗುವವರ ಬಗ್ಗೆ ಅಷ್ಟು ಆಗಲಿಲ್ಲ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ರಾಜ್ಯ ಹೊತ್ತಿಕೊಂಡಿತು, ಅವರು ಕುರ್ಚಿ ಬಿಡಬೇಕಾಯಿತು. ಆ ಮಾತಿನ ಹಿಂದಿದ್ದ, ಈ ಜೀವನದರ್ಶನ ಯಾರ ಜೀವನದ್ದು ಎಂಬ ಪ್ರಶ್ನೆ ನಮ್ಮ ಬಡಾವಣೆಯ ಗೋಷ್ಠಿಗಳೊಳಗಿಂದ ಬರಬೇಕಿತ್ತು, ಬರಲಿಲ್ಲ.

ಇಂದಿನ ಬಾಕಿ ಎಷ್ಟು? ಕಗ್ಗ ಎಂದಿಗಿಂತ ಜನಪ್ರಿಯ: ಗಾಯನವಿದೆ, ಪ್ರವಚನವಿದೆ, ವಾಟ್ಸಾಪಿನಲ್ಲಿ ದಿನಕ್ಕೊಂದು ಪದ್ಯವಿದೆ. ಬೆಳಿಗ್ಗೆ ಅದನ್ನು ಹತ್ತು ಗುಂಪಿಗೆ ಹಂಚಿ ಮಧ್ಯಾಹ್ನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮನೆಯ ಬೆಲೆಯನ್ನು ಅರ್ಧಕ್ಕಿಳಿಸಿ ಬರೆಸುವುದಕ್ಕೆ ಯಾರಿಗೂ ಮುಜುಗರವಿಲ್ಲ. ಪ್ರಶ್ನೆಯಾಗಿ ಹುಟ್ಟಿದ ಪದ್ಯ ಸುಪ್ರಭಾತವಾಗಿಬಿಟ್ಟಿದೆ. ಎಚ್ಚೆನ್ ಪಾಲಿಗೂ ಇಂಥದೇ ಗತಿ. ಮೌಢ್ಯಾಚರಣೆ ತಡೆಯುವ ಕಾಯ್ದೆ 2017ರಲ್ಲಿ ಸದನದಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಜ್ಯೋತಿಷ್ಯಕ್ಕೂ ವಾಸ್ತುವಿಗೂ ಅದರಲ್ಲಿ ವಿನಾಯಿತಿ. ಮಲ್ಲೇಶ್ವರದ ಹಳೆಯ ಮನೆಗಳನ್ನು ಕೆಡವಿ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳ ಜಾಹೀರಾತು ನೋಡಿದರೆ, ವಾಸ್ತು ನೀರಿನ ಸಂಪರ್ಕದಷ್ಟೇ ಅಗತ್ಯವಾದ ಸೌಲಭ್ಯ.

ಆದರೂ ಸಂಸ್ಥೆಗಳು ಬಾಗಿಲು ಮುಚ್ಚಿಲ್ಲ. ವಾಡಿಯಾ ಅವರ ಗ್ರಂಥಾಲಯದಲ್ಲಿ ಓದುಗರಿದ್ದಾರೆ, ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ ನಡೆಯುತ್ತದೆ, ವಿಜ್ಞಾನ ವೇದಿಕೆಗೂ ಜನ ಬರುತ್ತಾರೆ. ಸೊರಗಿರುವುದು ಪ್ರಶ್ನೋತ್ತರ. ಸ್ವಾಗತ, ಪ್ರಾಸ್ತಾವಿಕ, ಉಪನ್ಯಾಸ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ, ಶಾಲು, ಹಾರ ಮುಗಿಯುವಷ್ಟರಲ್ಲಿ ಸಭಿಕರು ಚಪ್ಪಲಿ ಹುಡುಕುತ್ತಿರುತ್ತಾರೆ. ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿ ತಯಾರಿಸುತ್ತಿರುವವರಲ್ಲಿ ನಮ್ಮ ಕೋರಿಕೆ: ಅಧ್ಯಕ್ಷರ ಭಾಷಣ ಕೈಬಿಟ್ಟು ಆ ಅರ್ಧ ಗಂಟೆಯನ್ನು ಎದುರು ಕೂತವರಿಗೆ ಕೊಡಿ. ಕಗ್ಗದ ಉಪನ್ಯಾಸಕ್ಕೆ ಒಬ್ಬ ನಾಸ್ತಿಕರನ್ನೂ ವಿಜ್ಞಾನದ ಉಪನ್ಯಾಸಕ್ಕೆ ಒಬ್ಬ ವೇದಾಂತಿಯನ್ನೂ ಕರೆಸಿ. ಇಲ್ಲಿಯವರೆಗೆ ಈ ಹಾಲ್‌ಗಳ ಹೊಸ್ತಿಲು ತುಳಿಯದವರ ಕೇರಿಗಳಿಗೂ ಆಹ್ವಾನ ಪತ್ರಿಕೆ ಕಳಿಸಿ. ಮಾತಿಗೆ ಮಾತು ಬೆಳೆದು ಸಭೆ ತಡವಾದರೆ ಆಗಲಿ; ಗಾಂಧಿ ಬಜಾರಿನಲ್ಲಿ ಕಾಫಿಗೇನೂ ಬರವಿಲ್ಲ.