ಹಗಲು ಕವಿಯುವ ನಿದ್ದೆ ಮತ್ತು ವಂಶವಾಹಿ

ರಾತ್ರಿ ಎಷ್ಟೇ ಮಲಗಿದ್ದರೂ ಹಗಲಿನಲ್ಲಿ ತಡೆಯಲಾಗದಂತೆ ನಿದ್ದೆ ಕವಿಯುವ ರೋಗಕ್ಕೆ ನಾರ್ಕೊಲೆಪ್ಸಿ ಎಂದು 1880ರಲ್ಲಿ ಹೆಸರಿಟ್ಟವರು ಫ್ರೆಂಚ್ ವೈದ್ಯ ಜೆಲಿನೊ. ಹಲವರಲ್ಲಿ ಕ್ಯಾಟಪ್ಲೆಕ್ಸಿಯೂ ಜೊತೆಗಿರುತ್ತದೆ: ಜೋರಾಗಿ ನಕ್ಕರೆ ಸಾಕು, ಸ್ನಾಯುಗಳು ಸಡಿಲಗೊಂಡು, ಪ್ರಜ್ಞೆ ಇದ್ದಂತೆಯೇ ಕುಸಿಯುತ್ತಾರೆ.

ಇದು ವಂಶದಲ್ಲಿ ಬರುತ್ತದೆಯೇ ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಸಿಕ್ಕಿದ್ದು ನಾಯಿಗಳಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೆಮೆಂಟ್ 1970ರ ದಶಕದಲ್ಲಿ ಇದೇ ರೋಗವಿದ್ದ ಡೋಬರ್ಮನ್, ಲ್ಯಾಬ್ರಡಾರ್ ನಾಯಿಗಳನ್ನು ಸಾಕತೊಡಗಿದರು. ಊಟ ಕಂಡ ಸಂಭ್ರಮಕ್ಕೇ ಅವು ಕಾಲು ಸೋತು ನೆಲಕ್ಕೊರಗುತ್ತಿದ್ದವು. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದ ಮರಿಗೆ ರೋಗ ತಪ್ಪದು. ಒಬ್ಬರಿಂದ ಮಾತ್ರ ಬಂದರೆ ಮರಿ ಆರೋಗ್ಯವಾಗಿಯೇ ಬೆಳೆಯುತ್ತದೆ. ಎಮಾನ್ಯುಯೆಲ್ ಮಿನ್ಯೊ ಅವರ ತಂಡ ವರ್ಷಗಟ್ಟಲೆ ಹುಡುಕಿ 1999ರಲ್ಲಿ ಆ ಜೀನನ್ನು ಪತ್ತೆಹಚ್ಚಿತು. ಎಚ್ಚರವನ್ನು ಕಾಯುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಮಿದುಳಿನಲ್ಲಿ ಬರಮಾಡಿಕೊಳ್ಳುವ ಗ್ರಾಹಕವೇ ಆ ನಾಯಿಗಳಲ್ಲಿ ಕೆಟ್ಟಿತ್ತು.

ಮನುಷ್ಯರ ಕಥೆ ಬೇರೆಯೇ ಆಯಿತು. 2000ದಲ್ಲಿ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ ಹೈಪೊಕ್ರೆಟಿನ್ ತಯಾರಿಸುವ ನರಕೋಶಗಳೇ ಬಹುತೇಕ ಇಲ್ಲವಾಗಿದ್ದವು. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ಎರಗಿರಬೇಕು ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಅದಕ್ಕೆ ಬಲ ಕೊಡುವ ಸುಳಿವು ಜಪಾನಿನಲ್ಲಿ 1980ರ ದಶಕದಲ್ಲೇ ಸಿಕ್ಕಿತ್ತು. ಸ್ವಂತದ್ದು ಯಾವುದು, ಪರಕೀಯ ಯಾವುದು ಎಂದು ಗುರುತಿಸಲು ನೆರವಾಗುವ ಎಚ್‌ಎಲ್‌ಎ ಜೀನ್‌ಗಳಿಗೂ ಈ ರೋಗಕ್ಕೂ ನಂಟಿತ್ತು. ಅವುಗಳಲ್ಲಿ ಡಿಕ್ಯೂಬಿ1*06:02 ಎಂಬ ರೂಪ, ಕ್ಯಾಟಪ್ಲೆಕ್ಸಿ ಇರುವ ರೋಗಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಯಲ್ಲಿದೆ.

ಆದರೆ ಅದೇ ರೂಪವನ್ನು ಹೊತ್ತ ಕೋಟ್ಯಂತರ ಜನ ಹಗಲೆಲ್ಲ ಎಚ್ಚರವಾಗಿಯೇ ಇದ್ದಾರೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಬರುವುದು ಸುಮಾರು ಮೂರರಲ್ಲಿ ಒಂದು ಜೋಡಿಯಲ್ಲಿ ಮಾತ್ರ. ರೋಗಿಯ ಮಕ್ಕಳಿಗೆ ಬರುವ ಸಾಧ್ಯತೆ ಶೇ. 1ರಿಂದ 2. ಮನೆತನಕ್ಕೇ ಅಂಟಿದ ಕಾಯಿಲೆಯೆಂದು ಹೆದರಿ ಬಚ್ಚಿಡುವ ಕುಟುಂಬಗಳಿಗೆ ವೈದ್ಯರು ಮೊದಲು ಹೇಳಬೇಕಾದ ಲೆಕ್ಕ ಇದು.

ಉಳಿದ ಪಾಲು ಹೊರಗಿನದು. 2009ರ ಎಚ್1ಎನ್1 ಪಿಡುಗಿನ ನಂತರ ಚೀನಾದಲ್ಲಿ ಈ ರೋಗ ಹೆಚ್ಚಿತು. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಆ ಪಿಡುಗಿನ ವಿರುದ್ಧ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಪಡೆದ ಕೆಲವು ಮಕ್ಕಳಲ್ಲಿಯೂ ಕಾಣಿಸಿಕೊಂಡಿತು. ಲಸಿಕೆಯ ನಂತರ ರೋಗಕ್ಕೆ ತುತ್ತಾದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಅದೇ ಎಚ್‌ಎಲ್‌ಎ ರೂಪವಿತ್ತು. ಹಾಗೆಂದು ಜೀನ್ ಪರೀಕ್ಷೆಯೊಂದರಿಂದಲೇ ರೋಗ ಖಚಿತವಾಗದು. ಅದಕ್ಕೆ ರಾತ್ರಿಯ ನಿದ್ದೆಯನ್ನು ದಾಖಲಿಸಿ, ಮರುದಿನ ಹಗಲಿನಲ್ಲಿ ಎಷ್ಟು ಬೇಗ ನಿದ್ದೆ ಹತ್ತುತ್ತದೆಂದು ಅಳೆಯುತ್ತಾರೆ. ಬೇಕಾದಲ್ಲಿ ಬೆನ್ನುಹುರಿಯ ದ್ರವದಲ್ಲಿ ಹೈಪೊಕ್ರೆಟಿನ್ ಮಟ್ಟವನ್ನೂ ನೋಡುತ್ತಾರೆ.