ಮೂರು ಸೆಂಟಿಮೀಟರ್‌ನ ಲೆಕ್ಕ

ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಜೆ.ಸಿ. ರಸ್ತೆ ಬೆಂಗಳೂರಿನ ಕಾರು ಬಿಡಿಭಾಗಗಳ ದೊಡ್ಡ ಪೇಟೆ. ಸೀಟ್ ಕವರಿನಿಂದ ಹಿಡಿದು ಅಲಾಯ್ ವ್ಹೀಲ್‌ವರೆಗೆ ಇಲ್ಲಿ ಸಿಗದ ಸಾಮಾನು ಕಡಿಮೆ. ಕಾರಿನ ಹುಚ್ಚು ಹತ್ತಿದವರು ಇಂಥ ಪೇಟೆಯಲ್ಲಿ ವಿಚಾರಿಸುವ ಕೆಲಸಗಳಲ್ಲಿ ಒಂದು, ಕಾರನ್ನು ‘ಲೋ’ ಮಾಡಿಸುವುದು. ಕಂಪನಿಯ ಸ್ಪ್ರಿಂಗ್ ತೆಗೆದು ಬೇರೆ ತಯಾರಕರ ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರು ಎರಡು ಮೂರು ಸೆಂಟಿಮೀಟರ್ ನೆಲಕ್ಕೆ ಹತ್ತಿರವಾಗುತ್ತದೆ. ದುಡ್ಡಿದ್ದವರು ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆಗೆ ಇದನ್ನು ಮಾಡಿಸುತ್ತಾರೆ, ಇಲ್ಲದವರು ಹಳೆಯ ಸಿವಿಕ್‌ಗೋ ಪೋಲೊಗೋ. ಮಾಡಿಸುವವರ ಕಣ್ಣಿಗೆ ಅದು ಅಂದ, ನೋಡುವ ಹಿರಿಯರ ಕಣ್ಣಿಗೆ ಕೊಬ್ಬು. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಕಾರು ತಗ್ಗಿಸಿದವರು ತಮಗೆ ತಿಳಿದೋ ತಿಳಿಯದೆಯೋ ನಾಲ್ಕು ಚಕ್ರಗಳ ಕೋನವನ್ನೂ ಬದಲಿಸಿರುತ್ತಾರೆ. ಆ ಕೋನ ಅಳೆದು ಸರಿಪಡಿಸುವ ಖರ್ಚು ಸ್ಪ್ರಿಂಗಿನ ಖರ್ಚಿನೊಳಗೇ ಸೇರಬೇಕು, ಸರಿಯಾಗಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ದಾರಿಯೊಂದು ಸರ್ಕಾರದಲ್ಲಿ ಇರಬೇಕು ಎಂಬುದು ನನ್ನ ವಾದ.

ಹೆಚ್ಚಿನ ಕಾರುಗಳ ಮುಂದಿನ ಚಕ್ರ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಜೋಡಣೆಯ ಮೇಲೆ ನಿಂತಿರುತ್ತದೆ. ಮೇಲ್ಗಡೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್, ಕೆಳಗೆ ಚಕ್ರವನ್ನು ಕಾರಿನ ಮೈಗೆ ಹಿಡಿಯುವ ಆರ್ಮ್, ಜತೆಗೆ ಸ್ಟಿಯರಿಂಗಿನಿಂದ ಬರುವ ಟೈ ರಾಡ್. ಮೈ 3 ಸೆಂ.ಮೀ. ಇಳಿದಾಗ ಆರ್ಮಿನ ಒಳತುದಿ ಇಳಿಯುತ್ತದೆ, ಚಕ್ರದ ಕಡೆಯ ತುದಿ ಇದ್ದ ಎತ್ತರದಲ್ಲೇ ಉಳಿಯುತ್ತದೆ. ಆರ್ಮಿನ ಓರೆ ಬದಲಾಗಿ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಮೆಕ್ಯಾನಿಕ್‌ಗಳು ಕ್ಯಾಂಬರ್ ಎನ್ನುವುದು ಇದಕ್ಕೆ. ಟೈ ರಾಡಿನ ಓರೆಯೂ ಬದಲಾಗಿ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಅದು ಟೋ. ಕ್ಯಾಂಬರ್ ಹೆಚ್ಚಿದ್ದು ಕಾರಿನ ಮುಂದೆ ನಿಂತರೆ ಒಂದಿಷ್ಟು ಕಾಣುತ್ತದೆ, ಟೋ ಕಾಣುವುದೇ ಇಲ್ಲ. ಆದರೆ ಟೈರನ್ನು ಬೇಗ ತಿನ್ನುವುದು ಟೋ. ಒಂದು ಚಕ್ರ ನೇರದಿಂದ ಕಾಲು ಡಿಗ್ರಿಯಷ್ಟು ತಿರುಗಿದೆ ಎಂದಿಟ್ಟುಕೊಳ್ಳಿ. ಆಗ ಪ್ರತಿ ಕಿಲೋಮೀಟರಿಗೆ ಆ ಟೈರು ನಾಲ್ಕು ಮೀಟರಿಗಿಂತ ತುಸು ಹೆಚ್ಚು ಅಡ್ಡಡ್ಡಲಾಗಿ ಉಜ್ಜಿಕೊಂಡು ಹೋಗುತ್ತದೆ. ವರ್ಷಕ್ಕೆ 10,000 ಕಿ.ಮೀ. ಓಡುವ ಕಾರಾದರೆ ಅಡ್ಡ ಉಜ್ಜಾಟವೇ 43 ಕಿ.ಮೀ. ಮೀರಿತು, ಬೆಂಗಳೂರಿನಿಂದ ಹೊರಟು ಬಿಡದಿ ದಾಟಿದಷ್ಟು ದೂರ. ಸವೆತ ಮೊದಲು ಕಾಣಿಸುವುದು ಬಹುಮಟ್ಟಿಗೆ ಟೈರಿನ ಒಳಅಂಚಿನಲ್ಲಿ. ಕಾರು ನಿಲ್ಲಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ನೋಡಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಹೊರಗಿನಿಂದ ಟೈರು ಹೊಸದರಂತಿರುತ್ತದೆ, ಒಳಗೆ ತಂತಿ ಇಣುಕುತ್ತಿರುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಇದರ ಫಲ ಉಣ್ಣುವವರಲ್ಲಿ ಎದುರಿನ ಸ್ಕೂಟರಿನವರೂ ಇರುತ್ತಾರೆ.

ಇದಕ್ಕೆ ತಕ್ಷಣ ಬರುವ ಉತ್ತರ, ‘ಅಲೈನ್‌ಮೆಂಟ್ ಮಾಡಿಸಿದ್ದೇವಲ್ಲ’. ನಗರದ ಯಾವ ಟೈರ್ ಅಂಗಡಿಯಲ್ಲೂ ಕಂಪ್ಯೂಟರ್ ಅಲೈನ್‌ಮೆಂಟ್ ಫಲಕ ಇದ್ದೇ ಇರುತ್ತದೆ, ನಿಜ. ಆದರೆ ಆ ಯಂತ್ರ ಹಸಿರು ತೋರಿಸಲು ಬಳಸುವ ಅಂಕಿಗಳು ಕಂಪನಿ ಎತ್ತರದಲ್ಲಿ ನಿಂತ ಕಾರಿನವು. ಸಾಮಾನ್ಯ ಅಂಗಡಿಯಲ್ಲಿ ಸರಿಪಡಿಸುವುದು ಬಹುತೇಕ ಮುಂದಿನ ಟೋ ಒಂದನ್ನೇ. ಹಲವು ಕಾರುಗಳಲ್ಲಿ ಕ್ಯಾಂಬರ್ ಹೊಂದಿಸುವ ವ್ಯವಸ್ಥೆಯನ್ನು ಕಂಪನಿಯೇ ಕೊಟ್ಟಿರುವುದಿಲ್ಲ, ಅದಕ್ಕೆ ಬೇರೆ ಕ್ಯಾಂಬರ್ ಬೋಲ್ಟ್ ಹಾಕಬೇಕು. ಪರದೆಯಲ್ಲಿ ಕ್ಯಾಂಬರ್ ಕೆಂಪಾಗಿಯೇ ಉಳಿಯುತ್ತದೆ, ಟೋ ಹಸಿರಾದೊಡನೆ ಬಿಲ್ ಹರಿಯುತ್ತದೆ. ಹಿಂದಿನ ಚಕ್ರಗಳ ಕಥೆ ಇನ್ನೂ ಮುಖ್ಯ. ಹಿಂದಿನ ಚಕ್ರಗಳಿಂದ ಓಡುವ, ಪ್ರತಿ ಚಕ್ರಕ್ಕೂ ಹಲವು ಆರ್ಮ್ ಇರುವ ಕೂಪೆಗಳಲ್ಲಿ ತಗ್ಗಿಸಿದಾಗ ಹಿಂದಿನ ಟೋ ಕೂಡ ಸರಿಯುತ್ತದೆ. ಎಡಬಲ ಸಮವಿಲ್ಲದಿದ್ದರೆ ಕಾರು ತುಸು ಓರೆಯಾಗಿ ಓಡುತ್ತದೆ, ನೇರ ಹೋಗಲು ಸ್ಟಿಯರಿಂಗನ್ನು ಸೊಟ್ಟಗೆ ಹಿಡಿಯಬೇಕಾಗುತ್ತದೆ. ಹೀಗಾಗಿ ನಾಲ್ಕೂ ಚಕ್ರಗಳನ್ನು ಅಳೆಯಬೇಕು. ಟೋ ಕಂಪನಿ ಹೇಳಿದ ಮಿತಿಯೊಳಗೆ ಬರಬೇಕು, ಕ್ಯಾಂಬರ್ ತುಸು ಹೆಚ್ಚಿದ್ದರೂ ಎಡಬಲ ಒಂದೇ ಇರಬೇಕು. ಅಳೆಯುವ ಹೊತ್ತೂ ಮುಖ್ಯ. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನಷ್ಟು ಕೂರುತ್ತದೆ, ಹಾಕಿಸಿದ ದಿನವೇ ಅಳೆದು ಕೈತೊಳೆದುಕೊಂಡರೆ ಆ ಅಳತೆ ಉಳಿಯುವುದಿಲ್ಲ. ಆರ್ಮಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ತನ್ನ ಭಾರದಲ್ಲಿ ನಿಂತಾಗ ಬಿಗಿಯಬೇಕು. ಲಿಫ್ಟಿನಲ್ಲಿ ಚಕ್ರ ನೇತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅರ್ಧ ಗಂಟೆ ಉಳಿಸಲು ಹೋಗಿ ಬುಷ್ ಬದಲಿಸುವ ಖರ್ಚು ಮೈಮೇಲೆ ಬರುತ್ತದೆ.

ಅಲೈನ್‌ಮೆಂಟ್ ಯಂತ್ರಕ್ಕೆ ಸಿಗದ ಬದಲಾವಣೆಗಳೂ ಇವೆ. ಆರ್ಮ್ ಮತ್ತು ಟೈ ರಾಡ್ ತಮ್ಮ ಹೊಂದಾಣಿಕೆ ಕಳೆದುಕೊಂಡಿದ್ದರೆ ಚಕ್ರ ಗುಂಡಿಗೆ ಇಳಿದು ಏರುವಷ್ಟರಲ್ಲಿ ಟೋ ತಾನಾಗಿ ಬದಲಾಗುತ್ತದೆ. ನಿಂತ ಕಾರಿನಲ್ಲಿ ಸರಿಯಿದ್ದ ಅಂಕಿ ಓಡುವ ಕಾರಿನಲ್ಲಿ ನಿಲ್ಲದು, ಸ್ಟಿಯರಿಂಗ್ ಕೈಯಲ್ಲಿ ತಾನೇ ಅಲ್ಲಾಡುತ್ತದೆ. ಇನ್ನೊಂದು ವಿಚಿತ್ರವಿದೆ. ಸ್ಟ್ರಟ್ ಜೋಡಣೆಯ ಕಾರನ್ನು ತಗ್ಗಿಸಿದಾಗ, ತಿರುವಿನಲ್ಲಿ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗೆ ಜಾರಬಹುದು. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರಿಗೆ ವಾಲುವ ಪ್ರವೃತ್ತಿ ಹೆಚ್ಚು. ತಗ್ಗಿಸಿದ ಕಾರು ತಿರುವಿನಲ್ಲಿ ವಾಲದೆ ಹೋಗುವುದಕ್ಕೆ ಗಟ್ಟಿ ಸ್ಪ್ರಿಂಗೇ ಹೆಚ್ಚಾಗಿ ಕಾರಣ, ತಗ್ಗು ಒಂದರಿಂದಲೇ ಅದು ಬರುವುದಿಲ್ಲ. ಸ್ಪ್ರಿಂಗ್ ನಾಲ್ಕನೇ ಒಂದರಷ್ಟು ಹೆಚ್ಚು ಗಟ್ಟಿಯಾದರೆ ಅದರ ಕುಣಿತ ತಡೆಯಲು ಶಾಕ್ ಅಬ್ಸಾರ್ಬರ್‌ನ ಬಿಗಿಯೂ ಸುಮಾರು ನೂರಕ್ಕೆ ಹನ್ನೆರಡರಷ್ಟು ಹೆಚ್ಚಬೇಕು. ವರ್ಷಗಟ್ಟಲೆ ಓಡಿ ಸೋತ ಹಳೆಯ ಶಾಕ್‌ಗಳ ಮೇಲೆ ಹೊಸ ಸ್ಪ್ರಿಂಗ್ ಕೂರಿಸುವುದು ಅದಕ್ಕೇ ತಪ್ಪು. ಹಳೆ ಸ್ಪ್ರಿಂಗನ್ನೇ ಗ್ಯಾಸ್ ಕಟರಿನಲ್ಲಿ ಒಂದು ಸುತ್ತು ಕತ್ತರಿಸಿ ತಗ್ಗಿಸುವ ಅಗ್ಗದ ದಾರಿಯ ಬಗ್ಗೆ ಚರ್ಚೆಯೇ ಬೇಡ. ಕಾವಿಗೆ ಉಕ್ಕಿನ ಹದ ಕೆಡುತ್ತದೆ, ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ಇಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರಬಹುದು. ಅದನ್ನು ಮಾಡಿಕೊಡುವ ಕೈಯೂ ಮಾಡಿಸಿಕೊಳ್ಳುವ ಕೈಯೂ ಸಮಾನ ತಪ್ಪಿತಸ್ಥರು.

ರಸ್ತೆ ಹೀಗಿರುವ ಊರಿನಲ್ಲಿ ಯಾರಾದರೂ ಕಾರು ತಗ್ಗಿಸುತ್ತಾರೆಯೇ ಎಂಬುದು ಬಲವಾದ ಆಕ್ಷೇಪ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಡಾವಣೆಗಳು, ಚಾಮರಾಜಪೇಟೆ 1892ರದು, ಕಾರನ್ನು ಲೆಕ್ಕಕ್ಕಿಟ್ಟು ಹಾಕಿದ ಬೀದಿಗಳಲ್ಲ. ಮೋರಿಯ ಮೇಲೆ ಹಾಕಿದ ಚಪ್ಪಡಿ, ಗೇಟಿನ ಕಡಿದಾದ ಇಳಿಜಾರು, ಮುಖ್ಯರಸ್ತೆಗೆ ವೈಟ್ ಟಾಪಿಂಗ್ ಆದ ಮೇಲೆ ಕ್ರಾಸ್ ರಸ್ತೆಯ ಬಾಯಲ್ಲಿ ಉಳಿಯುವ ಮೆಟ್ಟಿಲು, ಇವೆಲ್ಲ ದಾಟಿಯೇ ಇಲ್ಲಿ ಕಾರು ಮನೆ ಸೇರಬೇಕು. ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಒಡೆದು ಆಯಿಲ್ ಸುರಿದ ಕಾರುಗಳ ಕಥೆ ಗ್ಯಾರೇಜಿನವರಿಗೆ ಹೊಸದಲ್ಲ. ಆದರೂ ಹಂಪ್ಸ್ ವಿಷಯದಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಬಾಗು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಇರುವ ಕಾರು ಆ ಬಾಗಿನ ಮೇಲೆ ನಿಂತರೆ ಹೊಟ್ಟೆಯ ಕೆಳಗೆ ದಿಣ್ಣೆ ಏರುವುದು 5 ಸೆಂ.ಮೀ. ಮಾತ್ರ. ನೆಲದಿಂದ 13 ಸೆಂ.ಮೀ. ಎತ್ತರದ ಕೂಪೆಯನ್ನು 3 ಸೆಂ.ಮೀ. ತಗ್ಗಿಸಿದರೂ ಇನ್ನೂ 5 ಸೆಂ.ಮೀ. ಬಿಡುವು ಉಳಿಯಿತು. ಅದರ ಬದಲು ಅರ್ಧ ಮೀಟರ್ ಅಗಲದಲ್ಲಿ 15 ಸೆಂ.ಮೀ. ಎತ್ತರದ ದಿಣ್ಣೆ ಸುರಿದರೆ ತಗ್ಗಿಸದ ಕೂಪೆಯ ಹೊಟ್ಟೆಗೂ ಅದು ತಾಗುತ್ತದೆ, ಆಟೋದಲ್ಲಿ ಕೂತ ಗರ್ಭಿಣಿಯ ಬೆನ್ನಿಗೂ ತಾಗುತ್ತದೆ. ಅಳತೆ ತಪ್ಪುವವರು ಕಾರಿನ ಮಾಲೀಕರಷ್ಟೇ ಅಲ್ಲ ಎನ್ನಲು ಈ ಲೆಕ್ಕ ಸಾಕು. ಹಾಗೆಂದು ಪಾಲಿಕೆ ರಸ್ತೆ ಸರಿಮಾಡಲಿ, ಅಲ್ಲಿಯವರೆಗೆ ನಾನು 6 ಸೆಂ.ಮೀ. ತಗ್ಗಿಸುತ್ತೇನೆ ಎಂಬ ಹಟಕ್ಕೆ ಅರ್ಥವಿಲ್ಲ. ನಮ್ಮ ಬೀದಿಗಳಲ್ಲಿ 3 ಸೆಂ.ಮೀ. ಮೇಲಿನ ಇಳಿತವನ್ನು ಸಮರ್ಥಿಸುವ ಕಾರಣ ನನಗೆ ಕಂಡಿಲ್ಲ. ರೇಸಿನ ಚಪಲ ಇರುವವರಿಗೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ, ಕೊಯಮತ್ತೂರಿನ ಕರಿ ಟ್ರ್ಯಾಕ್‌ಗಳಿವೆ.

ಕಾನೂನು ಇದನ್ನು ಒಪ್ಪುತ್ತದೆಯೇ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಿತು. ಆದರೆ ನೋಂದಣಿ ಪತ್ರದಲ್ಲಿ ಕಾರು ನೆಲದಿಂದ ಎಷ್ಟು ಎತ್ತರ ಎಂಬ ಕಾಲಂ ಇಲ್ಲ. ಸ್ಪ್ರಿಂಗ್ ಬದಲಿಸಿದ್ದು ಅಪರಾಧವೋ ಅಲ್ಲವೋ ಎಂಬುದು ಹೀಗೆ ರಸ್ತೆಯಲ್ಲಿ ಕಾರು ತಡೆದ ಅಧಿಕಾರಿಯ ವ್ಯಾಖ್ಯಾನಕ್ಕೆ ಬಿಟ್ಟಿದೆ, ಆ ವ್ಯಾಖ್ಯಾನ ಎಲ್ಲಿ ಮುಗಿಯುತ್ತದೆ ಎಂದು ವಾಹನ ಓಡಿಸುವವರಿಗೆ ಗೊತ್ತು. ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟು ಕಾಲ ಹೊಗೆ ತಪಾಸಣೆ ಬಿಟ್ಟರೆ ಚಕ್ರ, ಟೈರು, ದೀಪ ಯಾವುದನ್ನೂ ನಿಯತವಾಗಿ ನೋಡುವವರಿಲ್ಲ. ಕಾಗದದ ಮೇಲೆ ಕಠಿಣ ನಿಷೇಧ, ರಸ್ತೆಯ ಮೇಲೆ ಶೂನ್ಯ ಅಳತೆ. ಇದರಲ್ಲಿ ನಷ್ಟ ಆಗುವುದು ಶ್ರದ್ಧೆಯಿಂದ ಕೆಲಸ ಮಾಡಿಸಿದವರಿಗೆ. ಸ್ಪ್ರಿಂಗ್ ಕತ್ತರಿಸಿದವರೂ ಅವರೂ ಕಾನೂನಿನ ಕಣ್ಣಿಗೆ ಒಂದೇ.

ಜರ್ಮನಿಯಲ್ಲಿ ಗಿಡ್ಡ ಸ್ಪ್ರಿಂಗುಗಳನ್ನು ಪರೀಕ್ಷಾ ಪ್ರಮಾಣಪತ್ರದೊಡನೆ ಮಾರುತ್ತಾರೆ. ಯಾವ ಕಾರಿಗೆ, ಯಾವ ಟೈರಿನ ಜತೆ, ಯಾವ ಷರತ್ತಿನಲ್ಲಿ ಹಾಕಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಹಾಕಿಸಿದ ಮೇಲೆ ತಜ್ಞ ತಪಾಸಕರು ಕಾರು ನೋಡಿ ಒಪ್ಪಬೇಕು. ತಗ್ಗಿಸುವುದಕ್ಕೆ ಅಲ್ಲಿ ನಿಷೇಧವಿಲ್ಲ, ಸಡಿಲವೂ ಇಲ್ಲ. ನಮ್ಮಲ್ಲಿ ಇದು ಆಗದ ಮಾತೇನಲ್ಲ. 2019ರ ತಿದ್ದುಪಡಿಯೇ 52ನೇ ಕಲಮಿನಲ್ಲಿ, ಮಾರ್ಪಾಡಿಗೆ ಮಾನದಂಡ ಮತ್ತು ಒಪ್ಪಿಗೆಯ ಷರತ್ತು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಇಂತಿಷ್ಟು ಸೆಂಟಿಮೀಟರ್ ಮಿತಿ, ಪರೀಕ್ಷಿತ ಸ್ಪ್ರಿಂಗ್, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಪ್ರಿಂಟ್, ಹೆಡ್‌ಲೈಟ್ ತಪಾಸಣೆ ಎಂದು ಬರೆದರೆ ಸಾಕು. ಹೆಡ್‌ಲೈಟ್ ಯಾಕೆ ಅನ್ನುವವರಿಗೆ ಉತ್ತರ ಸುಲಭ. ಹಿಂಬದಿ ಮುಂಬದಿಗಿಂತ ಒಂದು ಸೆಂಟಿಮೀಟರ್ ಹೆಚ್ಚು ಇಳಿದರೆ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 19 ಸೆಂ.ಮೀ. ಮೇಲೇರುತ್ತದೆ, ನೇರ ಎದುರಿನವರ ಕಣ್ಣಿಗೆ.

ಬಸ್ಸಿಗೆ ಕಾಯುವವರ ಊರಿನಲ್ಲಿ ಸಿರಿವಂತರ ಆಟಿಕೆಗೆ ಸರ್ಕಾರ ನಿಯಮ ಬರೆಯಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯದ್ದೇ. ಆದರೆ ಅಳತೆ ಮೀರಿದ ಚಕ್ರ ಕೂಪೆಗಷ್ಟೇ ಸೇರಿದ ಕಾಯಿಲೆಯಲ್ಲ. ಒಂದು ದೊಡ್ಡ ಗುಂಡಿಗೆ ಬಿದ್ದ ಟ್ಯಾಕ್ಸಿ, ಮನೆಮಂದಿಯೆಲ್ಲ ಕೂರುವ ಸಣ್ಣ ಕಾರು, ಎಲ್ಲದರ ಟೋ ಸರಿಯುತ್ತದೆ. ಅಳೆದು ಬರೆದುಕೊಡುವ ಅಂಗಡಿಗಳು, ಅದನ್ನು ಓದಬಲ್ಲ ತಪಾಸಕರು ಹೆಚ್ಚಿದರೆ ಮೊದಲ ಲಾಭ ಇಂಥ ಟ್ಯಾಕ್ಸಿ, ಸಣ್ಣ ಕಾರಿನವರಿಗೇ. ಸಾರಿಗೆ ಇಲಾಖೆ ಎಚ್ಚರಗೊಳ್ಳುವವರೆಗೆ ಕಾರಿನ ಮಾಲೀಕರು ಮಾಡಬಹುದಾದ ಕೆಲಸವೂ ಇದೆ. ಸ್ಪ್ರಿಂಗಿಗೆ ಮುಂಗಡ ಕೊಡುವ ಮೊದಲು ಅಂಗಡಿಯವರನ್ನು ಮೂರು ಮಾತು ಕೇಳಿ: ಶಾಕ್ ಅಬ್ಸಾರ್ಬರ್ ಪರೀಕ್ಷಿಸುತ್ತೀರಾ, ಕ್ಯಾಂಬರ್ ಬೋಲ್ಟ್ ಬೇಕಾದರೆ ಹಾಕುತ್ತೀರಾ, ಮೊದಲಿನ ಮತ್ತು ಸ್ಪ್ರಿಂಗ್ ಕೂತ ಮೇಲಿನ ಎರಡೂ ಅಲೈನ್‌ಮೆಂಟ್ ಪ್ರಿಂಟ್ ಕೈಗೆ ಕೊಡುತ್ತೀರಾ? ಒಂದಕ್ಕೆ ‘ಅದೆಲ್ಲ ಬೇಕಾಗಲ್ಲ ಸಾರ್’ ಎಂಬ ಉತ್ತರ ಬಂದರೂ ಆ ಅಂಗಡಿಗೆ ಕಾರು ಬಿಡಬೇಡಿ.