ವರ್ಷ ವರ್ಷ ಕಟ್ಟಬೇಕಾದ ಕಟ್ಟ

ಕಳೆದ ಸಲ ನಮ್ಮ ತೋಡಿಗೆ ನಾವು ಎರಡೆರಡು ಬಾರಿ ಕಟ್ಟ ಕಟ್ಟಿದೆವು. ಮೊದಲನೆಯದು 2024ರ ನವೆಂಬರ್ 24, ಭಾನುವಾರ. ಹದಿನೇಳು ಮನೆಯವರು ಸೇರಿ ಬೆಳಿಗ್ಗೆ ಏಳಕ್ಕೆ ಕೆಲಸಕ್ಕಿಳಿದು, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿದ್ದೆವು. ಅದು ನಿಂತದ್ದು ಒಂಬತ್ತೇ ದಿನ. ಪುದುಚೇರಿಯ ಹತ್ತಿರ ನೆಲ ಮುಟ್ಟಿದ ಫೆಂಗಲ್ ಚಂಡಮಾರುತ ಬಲಗುಂದುತ್ತಾ ಈ ಕಡೆಗೇ ಬಂತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡದ ಶಾಲೆಗಳಿಗೆ ಮಳೆಯ ರಜೆ. ಆ ದಿನ ಸಂಜೆ ತೋಡಿನ ಬದಿಗೆ ಹೋಗಿ ನೋಡಿದರೆ ಕಟ್ಟದ ನಡುಭಾಗವೇ ಇಲ್ಲ, ಕೆಂಪು ನೀರು ಭೋರೆಂದು ಹೋಗುತ್ತಿತ್ತು. ಮುಂದಿನ ಭಾನುವಾರ, 8ನೇ ತಾರೀಕು, ಮತ್ತೆ ಕಟ್ಟಿದೆವು. ಎರಡನೇ ಸಲ ಬಂದವರು ಹದಿಮೂರು ಮನೆಯವರು.

ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಪುತ್ತೂರು, ಸುಳ್ಯ, ಬಂಟ್ವಾಳದ ನಮ್ಮ ಕಡೆ ಗುಡ್ಡಗಳ ನಡುವೆ ಹರಿಯುವ ಸಣ್ಣ ಹಳ್ಳಕ್ಕೆ ತೋಡು ಎನ್ನುತ್ತೇವೆ. ಮಳೆಗಾಲ ಮುಗಿದು ಹರಿವು ಇಳಿದ ಮೇಲೆ ಅದಕ್ಕೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು ಕಟ್ಟ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ. ಒಂದು ಎಕರೆ ತೋಟದ ಮೇಲೆಯೇ ಒಂದು ಕೋಟಿ ನಲವತ್ತು ಲಕ್ಷ ಲೀಟರ್ ನೀರು ಬೀಳುತ್ತದೆ ಎಂದಾಯಿತು. ಇಷ್ಟು ಮಳೆ ಬರುವ ಊರಿನಲ್ಲಿ ಮಾರ್ಚ್ ತಿಂಗಳಿಗೆ ಅಡಿಕೆಯ ಸೋಗೆ ಬಾಡುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೆ ನೆಲ ಇಳಿಜಾರು, ಕಡಲು ಹತ್ತಿರ. ನೀರು ನಿಲ್ಲದೆ ಓಡುತ್ತದೆ.

1988ರಲ್ಲಿ ನಾನು ಈ ಮನೆಗೆ ಮದುವೆಯಾಗಿ ಬಂದಾಗ ಮಾವ ಕಟ್ಟದ ಯಜಮಾನಿಕೆ ನೋಡಿಕೊಳ್ಳುತ್ತಿದ್ದರು. ಆಗ ಕಲ್ಲು, ಅಡಿಕೆ ಮರದ ಸಲಾಕೆ, ಸೊಪ್ಪು, ಮಿದಿದ ಜೇಡಿಮಣ್ಣು, ಇಷ್ಟರಲ್ಲೇ ಕಟ್ಟ ಏಳುತ್ತಿತ್ತು. ಮೂರು ದಿನದ ಕೆಲಸ. ಈಗ ಮರಳುಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಎರಡು ಸಾಲಾಗಿ, ಇಟ್ಟಿಗೆ ಇಟ್ಟ ಹಾಗೆ ಸಂದು ತಪ್ಪಿಸಿ ಪೇರಿಸುತ್ತೇವೆ. ಸಾಲುಗಳ ನಡುವೆ ಜೇಡಿಮಣ್ಣು ಹಾಕಿ ತುಳಿಯುತ್ತೇವೆ. ನೀರಿನ ಬದಿಗೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಂಚು ತೋಡಿನ ತಳದಲ್ಲಿ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ಮೆಲ್ಲಗೆ ಹೆಜ್ಜೆ ಇಡುತ್ತಾ ಹೋದರೆ ಒಂದು ಕಡೆ ಅಂಗಾಲನ್ನು ಯಾರೋ ತಣ್ಣಗೆ ಎಳೆದಂತಾಗುತ್ತದೆ. ಅಲ್ಲಿ ನೀರು ಅಡಿಯಿಂದ ಸೋರಿ ಹೋಗುತ್ತಿದೆ ಎಂದರ್ಥ. ಅಲ್ಲಿಗೆ ಬೈಹುಲ್ಲು ಸುತ್ತಿದ ಮಣ್ಣಿನ ಮುದ್ದೆ ತುರುಕಬೇಕು. ಇದನ್ನು ನನಗೆ ಕಲಿಸಿದ್ದು ಮಾವ. ಕಳೆದ ವರ್ಷ ನಾನು ಆಚೆಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಕಲಿಸಿದೆ. ಅವಳು ನನಗಿಂತ ಮೊದಲೇ ಎರಡು ತೂತು ಹುಡುಕಿದಳು.

ನಮ್ಮ ಕಟ್ಟ ಇಪ್ಪತ್ತು ಅಡಿ ಅಗಲ, ಐದು ಅಡಿ ಎತ್ತರ. ನೀರು ಇನ್ನೂರು ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ನೀರಿನ ಲೆಕ್ಕ ಒಂಬತ್ತು ಲಕ್ಷ ಲೀಟರ್ ಇರಬಹುದು. ಆದರೆ ಬೆಲೆ ಇರುವುದು ಕಾಣದ ನೀರಿಗೆ. ನಿಂತ ನೀರು ಎರಡೂ ದಡದ ಮಣ್ಣಿಗೆ ಇಳಿದು, ತೋಟದ ಕೆರೆ ಬಾವಿಗಳಲ್ಲಿ ಏಳುತ್ತದೆ.

ತೊಂಬತ್ತರ ದಶಕದ ಕೊನೆಗೆ ಊರಿಗೆ ಬೋರು ಬಂತು, ಕಟ್ಟ ನಿಂತಿತು. ಯಾರೂ ಜಗಳ ಮಾಡಿ ನಿಲ್ಲಿಸಲಿಲ್ಲ. ಸ್ವಿಚ್ಚು ಹಾಕಿದರೆ ನೀರು ಬರುವಾಗ ಚಳಿಯಲ್ಲಿ ತೋಡಿಗೆ ಇಳಿಯುವುದು ಯಾಕೆ ಎಂದು ಒಬ್ಬೊಬ್ಬರೇ ಬಿಟ್ಟರು. ನಾವೂ ಬಿಟ್ಟೆವು. 2004ರಲ್ಲಿ ನಮ್ಮ ಬೋರಿಗೆ 280 ಅಡಿಯಲ್ಲಿ ನೀರು ಸಿಕ್ಕಿತ್ತು. 2015ರಲ್ಲಿ ಇನ್ನೊಂದು ತೆಗೆಸಿದಾಗ 520 ಅಡಿ ಹೋದರೂ ಒಂದು ಗಂಟೆ ಪಂಪು ಓಡಿಸುವಷ್ಟು ನೀರಿಲ್ಲ. ಮರುವರ್ಷ, 2016ರ ಬೇಸಿಗೆಯಲ್ಲಿ, ತುಂಬೆ ಅಣೆಕಟ್ಟಿನ ನೀರು ತಳ ಸೇರಿ ಮಂಗಳೂರು ನಗರವೇ ನೀರಿಗೆ ಪರದಾಡಿತು. ನಮ್ಮ ತೋಟದ ಕೆಳಗಿನ ಬಾವಿಯ ತಳದಲ್ಲಿ ಕೆಸರು ಬಿರುಕು ಬಿಟ್ಟದ್ದನ್ನು ನಾನು ಆ ಏಪ್ರಿಲಿನಲ್ಲಿ ಮೊದಲ ಸಲ ನೋಡಿದೆ. ಮಾವ ಅದನ್ನು ನೋಡದೆ ತೀರಿಕೊಂಡದ್ದು ಒಳ್ಳೆಯದಾಯಿತು ಎನಿಸಿತು.

ಆ ವರ್ಷದ ಕೊನೆಗೆ ಐದು ಮನೆಯವರು ಸೇರಿ ಹಳೆಯ ಜಾಗದಲ್ಲೇ ಕಟ್ಟ ಹಾಕಿದೆವು. ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀ ಪಡ್ರೆಯವರು ಕಟ್ಟಗಳ ಬಗ್ಗೆ ಬರೆಯುತ್ತಾ ಬಂದದ್ದನ್ನು ಓದಿ ಧೈರ್ಯ ಬಂದಿತ್ತು. ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕುವುದನ್ನು ನಮ್ಮಲ್ಲಿ ಇಬ್ಬರು ಹೋಗಿ ನೋಡಿ ಬಂದಿದ್ದರು. ಬಾವಿಯ ಒಳಗೋಡೆಗೆ ಬಿಳಿ ಪೈಂಟಿನಲ್ಲಿ ಅಡಿ ಅಡಿಗೆ ಗೆರೆ ಎಳೆಸಿ, ಪ್ರತಿ ಭಾನುವಾರ ನೀರಿನ ಮಟ್ಟವನ್ನು ಕ್ಯಾಲೆಂಡರಿನಲ್ಲಿ ಬರೆದಿಡತೊಡಗಿದೆ. 2018ರ ಏಪ್ರಿಲ್ ಕೊನೆಗೆ ಅದೇ ಬಾವಿಯಲ್ಲಿ ನಾಲ್ಕೂವರೆ ಅಡಿ ನೀರು. ಆ ಕ್ಯಾಲೆಂಡರ್ ಈಗಲೂ ಅಡುಗೆಮನೆಯ ಬಾಗಿಲ ಹಿಂದೆ ಇದೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಹವಾಮಾನ ಬದಲಾವಣೆಗೆ ಪರಿಹಾರ ಎಂದಾಗಲೆಲ್ಲ ನಮ್ಮ ಗ್ರಾಮಸಭೆಯಲ್ಲಿ ಬರುವ ಬೇಡಿಕೆ ಒಂದೇ: ಕಾಂಕ್ರೀಟಿನ ಕಿಂಡಿ ಅಣೆಕಟ್ಟು. ನಾನು ಅದಕ್ಕೆ ವಿರೋಧಿಯಲ್ಲ. ದೊಡ್ಡ ಹೊಳೆಗೆ ಚೀಲದ ಕಟ್ಟ ನಿಲ್ಲುವುದಿಲ್ಲ, ಅಲ್ಲಿ ಅದೇ ಬೇಕು. ಆದರೆ ಕಿಂಡಿ ಇದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಅದಕ್ಕೆ ಹಲಗೆ ಹಾಕಿ ನೀರು ತಡೆಯುವವರು ಬೇಕು. ನಮ್ಮಿಂದ ಮೂರು ಕಿಲೋಮೀಟರ್ ದೂರದ ಒಂದು ಅಣೆಕಟ್ಟಿನಲ್ಲಿ ಒಂದು ವರ್ಷ ಹಲಗೆ ಕೂತದ್ದು ಜನವರಿ ಕೊನೆಗೆ. ಅಷ್ಟರಲ್ಲಿ ತಡೆಯಬೇಕಾದ ನೀರು ಕಡಲು ಸೇರಿತ್ತು. ಹಲಗೆ ಹಾಕುವುದು ಯಾರ ಕೆಲಸ ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ತಾವು ಕೈಯಾರೆ ಕಟ್ಟಿದ್ದಲ್ಲವಾದ್ದರಿಂದ ಊರವರೂ ಕಾಯುತ್ತಾ ಕೂತಿದ್ದರು.

ಇನ್ನೊಂದು ಕಾರಣ ಆಕಾಶದ್ದು. ಪತ್ತನಾಜೆಯ ದಿನ ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತು ತುಳುನಾಡಿನಲ್ಲಿದೆ. ಮೇ 24ರ ಸುಮಾರಿಗೆ ಬರುವ ದಿನವದು. ಯಕ್ಷಗಾನದ ಆಟ, ಭೂತದ ಕೋಲಗಳು ಮುಗಿದು ಗೆಜ್ಜೆ ಬಿಚ್ಚುವ ದಿನ. ನಾವು ಕಟ್ಟ ಬಿಚ್ಚುತ್ತಿದ್ದದ್ದು ಅದರ ನಂತರದ ವಾರ. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಕಾಯದೆ ಮೇ 24ಕ್ಕೇ ಕೇರಳಕ್ಕೆ ಬಂತು. ಬಿದ್ದದ್ದು ಹತ್ತು ಹನಿಯಲ್ಲ. ಹಿಂದಿನ ದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿದೆವು. ಅರ್ಧ ಗಂಟೆಯಲ್ಲಿ ಟಾರ್ಚು, ಹಾರೆ ಹಿಡಿದು ಎಂಟು ಜನ ತೋಡಿನಲ್ಲಿದ್ದರು. ಮೇಲಿನ ಎರಡು ಸಾಲು ಚೀಲ ತೆಗೆದು ನಡುವೆ ದಾರಿ ಬಿಟ್ಟೆವು. ಬಿಡದೇ ಇದ್ದಿದ್ದರೆ ನೀರು ದಡ ಕೊರೆದು ಕೆಳಗಿನ ಮನೆಯವರ ಬಾಳೆ, ಅಡಿಕೆ ಸಸಿಗಳೆಲ್ಲ ಹೋಗುತ್ತಿದ್ದವು. ಅದೇ ಮಳೆ ಬಿಡುವು ಕೊಡದೆ, ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ಮದ್ದು ಬಿಡಲಾಗದೆ, ಕೊಳೆರೋಗಕ್ಕೆ ಕಾಯಿ ಉದುರಿದ ಸಂಕಟ ಬೇರೆ. ಅದಕ್ಕೆ ನಮ್ಮ ಕೈಯಲ್ಲಿ ಮದ್ದಿರಲಿಲ್ಲ. ಕಟ್ಟದ ವಿಷಯದಲ್ಲಿ ಮಾತ್ರ ನಾವೇ ತೀರ್ಮಾನ ಮಾಡಿ ನಾವೇ ಇಳಿಯುವುದು ಸಾಧ್ಯವಾಯಿತು.

ಡಿಸೆಂಬರಿನಲ್ಲಿ ನೆರೆ ಬಂದು, ಮೇ ತಿಂಗಳಲ್ಲೇ ಮಳೆಗಾಲ ಶುರುವಾಗುವ ಕಾಲದಲ್ಲಿ ಒಂದು ಬೆಳಗ್ಗೆಯಲ್ಲಿ ಕಟ್ಟಬಲ್ಲ, ಒಂದು ಸಂಜೆಯಲ್ಲಿ ಬಿಚ್ಚಬಲ್ಲ ಜನ ತೋಡಿನ ಬದಿಯಲ್ಲೇ ಇರಬೇಕು. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದರು, 2022ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರು ಕೇಳಿದರೆ ಕೈ ಮುಗಿಯುವಂತಾಗುತ್ತದೆ. ಆದರೆ ಕಟ್ಟ ಒಬ್ಬರಿಂದ ಆಗುವ ಕೆಲಸವಲ್ಲ.

ನಮ್ಮ ಕಟ್ಟಕ್ಕೆ ವರ್ಷಕ್ಕೆ ತಗಲುವುದು ಹದಿನಾಲ್ಕು ಸಾವಿರ ರೂಪಾಯಿ. ಚೀಲ, ಹಾಳೆ, ಮಣ್ಣು ತರುವ ಪಿಕಪ್ಪಿನ ಬಾಡಿಗೆ, ಎಲ್ಲರಿಗೂ ಸಜ್ಜಿಗೆ–ಅವಲಕ್ಕಿ, ಚಹಾ. ಪಂಚಾಯತುಗಳು ತಮ್ಮ ವ್ಯಾಪ್ತಿಯ ಹಳೆಯ ಕಟ್ಟದ ಜಾಗಗಳನ್ನು ಪಟ್ಟಿ ಮಾಡಲಿ. ನೆನಪಿರುವ ಹಿರಿಯರು ಇನ್ನೂ ಇದ್ದಾರೆ, ಇನ್ನು ಹತ್ತು ವರ್ಷಕ್ಕೆ ಇರುವುದಿಲ್ಲ. ಕಟ್ಟುವ ತಂಡಕ್ಕೆ ಪ್ರತಿ ನವೆಂಬರಿನಲ್ಲಿ ಈ ಹದಿನಾಲ್ಕು ಸಾವಿರದಂಥ ಸಣ್ಣ ಮೊತ್ತ ತಪ್ಪದೆ ಸಿಗಲಿ. ಜೊತೆಗೆ ಒಂದು ಷರತ್ತೂ ಇರಲಿ: ಬಿಚ್ಚಿದ ಚೀಲ, ಹಾಳೆಗಳನ್ನು ಎಣಿಸಿ ಒಪ್ಪಿಸಬೇಕು. ಡಿಸೆಂಬರ್ 3ರ ನೆರೆಯಲ್ಲಿ ನಮ್ಮ ಎಪ್ಪತ್ತು ಚೀಲ ಕೊಚ್ಚಿಹೋದವು. ಅವು ಕೊನೆಗೆ ಕಡಲು ಸೇರಿರುತ್ತವೆ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ.

ಎರಡನೇ ಸಲಕ್ಕೆ ಬಾರದ ನಾಲ್ಕು ಮನೆಗಳೂ ಗುಡ್ಡದ ಮೇಲಿನವು, ನಾಲ್ಕಕ್ಕೂ ಬೋರು ಇದೆ. ಕಟ್ಟದ ನೀರು ತಮಗೆ ಬರುವುದಿಲ್ಲ ಎಂಬ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಸಲ ಡಿಸೆಂಬರ್ 7, ಭಾನುವಾರ ಎಂದು ನಿಶ್ಚಯವಾಗಿದೆ. ಅಟ್ಟದಿಂದ ಚೀಲ ಇಳಿಸಿ ಎಣಿಸಿದೆ. ಇನ್ನೂರ ಹತ್ತರಲ್ಲಿ ಮೂವತ್ತನ್ನು ಇಲಿ ಕಡಿದಿದೆ. ಹೊಲಿದರೆ ನಡೆಯುತ್ತದೆ. ನಾಳೆ ಬೆಳಿಗ್ಗೆ ಆ ನಾಲ್ಕು ಮನೆಗೂ ಹೋಗಿ ಕರೆದು ಬರಬೇಕು. ಕ್ಯಾಲೆಂಡರನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ.